ಸತ್ತ ಹಕ್ಕಿಗೆ ಬುಟ್ಟಿ ಕವುಚುವ ಜಟ್ಟಿಂಗಪ್ಪ

ಶರಾವತಿಯ ಹಿನ್ನೀರಿನ ಮೇಲೆ ಮಂಜು ಇನ್ನೂ ಎದ್ದಿಲ್ಲ. ಹೊಳೆಬಾಗಿಲಿನ ರಸ್ತೆ ಬಿಟ್ಟು ಎಡಕ್ಕೆ ಇಳಿದರೆ, ನೀರು ಹಿಂದೆ ಸರಿದು ಬಯಲಾದ ಜಾಗದಲ್ಲಿ ಕೆಸರು ಒಣಗಿ ಬಿರುಕು ಬಿಟ್ಟಿದೆ. ಜಟ್ಟಿಂಗಪ್ಪ ಮುಂದೆ, ನಾನು ಹಿಂದೆ. ಅವರ ತಲೆಯ ಮೇಲೆ ಒಂದು ಹಳೆಯ ಬುಟ್ಟಿ, ಕೈಯಲ್ಲಿ ಕೋಲು, ಹೆಗಲಿಗೆ ಬಟ್ಟೆ ಚೀಲ. ನೋಡಿದವರು ಯಾರೋ ಗದ್ದೆಗೆ ಗೊಬ್ಬರ ಹೊರಲು ಹೊರಟಿದ್ದಾರೆ ಅಂದುಕೊಳ್ಳಬೇಕು, ಹಾಗಿದ್ದಾರೆ. ನೀರಿನ ಅಂಚು ಹತ್ತಿರವಾಗುತ್ತಿದ್ದಂತೆ ಥಟ್ಟನೆ ನಿಂತು ಕೋಲನ್ನು ನನ್ನೆದುರು ಅಡ್ಡ ಹಿಡಿಯುತ್ತಾರೆ.

“ನೀವು ಇಲ್ಲೇ ನಿಂತ್ಕಳಿ ಮಾರಾಯ್ರೆ. ಫೋಟೊ-ಗೀಟೊ ಎಲ್ಲ ಇಲ್ಲಿಂದ್ಲೇ ಆಗ್ಲಿ.”

ಸ್ವಲ್ಪ ಆಚೆ ಕೆಸರಿನ ಮೇಲೆ ಒಂದು ನೀರುಕಾಗೆ ಬಿದ್ದಿದೆ. ಕರಿ ರೆಕ್ಕೆ ಒಂದು ಕಡೆ ಹರಡಿಕೊಂಡಿದೆ, ಕುತ್ತಿಗೆ ಮಡಿಸಿದೆ. ನಸುಕಿನಲ್ಲಿ ಬಲೆ ಎತ್ತಲು ಬಂದ ಮೀನಿನವರೊಬ್ಬರು ನೋಡಿ ಫೋನ್ ಮಾಡಿದ್ದಾರೆ. ಜಟ್ಟಿಂಗಪ್ಪ ಸೀದಾ ಹಕ್ಕಿಯ ಹತ್ತಿರ ಹೋಗುವುದಿಲ್ಲ. ಮೊದಲು ದಂಡೆಯುದ್ದಕ್ಕೂ ನಿಧಾನವಾಗಿ ನಡೆದು ಇನ್ನೆಲ್ಲಾದರೂ ಬಿದ್ದಿವೆಯೇ ಎಂದು ನೋಡುತ್ತಾರೆ, ಜೊಂಡಿನ ಬುಡವನ್ನು ಕೋಲಿನಿಂದ ಸರಿಸುತ್ತಾರೆ. ಬೇರೆ ಯಾವುದೂ ಇಲ್ಲ. ವಾಪಸು ಬಂದು ಗಾಳಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಹಕ್ಕಿಯನ್ನು ಒಂದಿಷ್ಟು ಹೊತ್ತು ಸುಮ್ಮನೆ ನೋಡುತ್ತಾರೆ. ಮೊಬೈಲಿನಲ್ಲಿ ಒಂದು ಫೋಟೊ. ಆಮೇಲೆ ಬುಟ್ಟಿಯನ್ನು ಹಕ್ಕಿಯ ಮೇಲೆ ಕವುಚಿ, ಮೇಲೊಂದು ಕಲ್ಲು ಹೇರಿ ಎದ್ದು ಬರುತ್ತಾರೆ. ಇಷ್ಟೇ ಕೆಲಸ. ಚೀಲದಿಂದ ಬಾಟಲಿ ನೀರು, ಸೋಪು ತೆಗೆದು ಮೊಣಕೈವರೆಗೂ ಉಜ್ಜಿ ತೊಳೆಯುತ್ತಾರೆ.

“ನೀವು ಮುಟ್ಟಲೇ ಇಲ್ಲವಲ್ಲ, ಸೋಪು ಯಾಕೆ?” ಎಂದೆ.

“ಅಭ್ಯಾಸ ತಪ್ಪಬಾರ್ದು. ಇವತ್ತು ಬ್ಯಾಡ ಅಂದ್ರೆ ನಾಳೆ ಮರ್ತೇ ಹೋಗತ್ತೆ,” ಎಂದು ಒದ್ದೆ ಕೈಯನ್ನು ಗಾಳಿಗೆ ಹಿಡಿದು ಒಣಗಿಸಿಕೊಳ್ಳುತ್ತಾರೆ. ಆಮೇಲೆ ಡಾಕ್ಟರಿಗೆ ಫೋನು. “ಮೇಡಮ್, ಒಂದೇ ಐತೆ. ಸುತ್ತ ನೋಡ್ದೆ, ಬೇರೆ ಇಲ್ಲ. ಕವುಚೀನಿ.”

ಜಟ್ಟಿಂಗಪ್ಪ ಸಾಗರ ತಾಲ್ಲೂಕಿನ ಈ ಕಡೆಯ ಒಂದು ಪಶು ಆಸ್ಪತ್ರೆಯಲ್ಲಿ ಹೊರಗುತ್ತಿಗೆಯ ಸಹಾಯಕ. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಇಂಜೆಕ್ಷನ್ ಚುಚ್ಚುವಾಗ ಹಾಯುವ ಎಮ್ಮೆಯ ಕೊಂಬು ಹಿಡಿದು ನಿಲ್ಲುವುದು ಅವರ ಕೆಲಸ. ಐವತ್ತು ದಾಟಿದ್ದಾರೆ. ಎಡಗೈಯ ಹೆಬ್ಬೆರಳು ಸ್ವಲ್ಪ ಸೊಟ್ಟ; ಅದು ಒಂದು ಎಮ್ಮೆಯ ಕೃಪೆ. ಸತ್ತ ಕಾಡುಹಕ್ಕಿಯ ಹಿಂದೆ ಹೋಗಬೇಕೆಂದು ಅವರಿಗೆ ಯಾರೂ ಆದೇಶ ಕೊಟ್ಟಿಲ್ಲ. ಆದರೂ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆಯ ಎಷ್ಟೋ ಜನರ ಮೊಬೈಲಿನಲ್ಲಿ ಅವರ ನಂಬರು ‘ಹಕ್ಕಿ ಜಟ್ಟಿಂಗಪ್ಪ’ ಎಂದು ಇದೆ. ಆಸ್ಪತ್ರೆಯ ನಂಬರಿಗಿಂತ ಮೊದಲು ಅವರದ್ದು ರಿಂಗಾಗುತ್ತದೆ.

ಹಕ್ಕಿ ಸತ್ತರೆ ನಮ್ಮ ಜನ ಏನೇನು ಮಾಡುತ್ತಾರೆ ಎಂಬುದನ್ನು ಅವರ ಬಾಯಲ್ಲೇ ಕೇಳಬೇಕು. ಕಾಗೆ ಸತ್ತರೆ ಕಾಲಿಗೆ ಹಗ್ಗ ಕಟ್ಟಿ ಗದ್ದೆಯಲ್ಲಿ ನೇತು ಹಾಕುತ್ತಾರೆ, ಬೇರೆ ಕಾಗೆ ಹೆದರಲಿ ಅಂತ. ಬಾತು ಸತ್ತರೆ ಮಕ್ಕಳು ಪುಕ್ಕ ಕಿತ್ತು ಪುಸ್ತಕದೊಳಗೆ ಇಡುತ್ತಾರೆ. ನವಿಲು ಸತ್ತರಂತೂ ಇಡೀ ಊರಿಗೆ ಕಣ್ಣು ಕಾಣುವುದಿಲ್ಲ. ಅರಣ್ಯ ಇಲಾಖೆಯ ಕೇಸು ತಮ್ಮ ತಲೆಗೆ ಬಂದರೆ ಎಂಬ ಹೆದರಿಕೆಗೆ ಒಬ್ಬರ ಜಮೀನಿನಿಂದ ಇನ್ನೊಬ್ಬರ ಜಮೀನಿಗೆ ಎತ್ತಿ ಹಾಕಿ, ಕೊನೆಗೆ ಹೊಳೆಗೆ ಎಸೆಯುತ್ತಾರೆ. ಮಂಗ ಸತ್ತರೆ ಈಗ ಯಾರೂ ಹೀಗೆ ಮಾಡುವುದಿಲ್ಲ. ಮಂಗನ ಕಾಯಿಲೆ ಕಂಡ ಸೀಮೆ ಇದು, ಫೋನ್ ಮಾಡಬೇಕು ಎಂಬ ಬುದ್ಧಿ ಬಂದಿದೆ. ಹಕ್ಕಿಯ ವಿಷಯದಲ್ಲಿ ಆ ಬುದ್ಧಿ ಇನ್ನೂ ಅರ್ಧ ದಾರಿಯಲ್ಲಿದೆ.

ಬುಟ್ಟಿಯ ಉಪಾಯ ಅವರದ್ದೇ. ಮೊದಮೊದಲು ಯಾರಾದರೂ ಫೋನ್ ಮಾಡಿದರೆ, ಮುಟ್ಟಬೇಡಿ, ಡಾಕ್ಟರು ಬರುವ ತನಕ ಕಾಯಿರಿ ಎನ್ನುತ್ತಿದ್ದರಂತೆ. ಡಾಕ್ಟರು ಹಸುವಿನ ಹೆರಿಗೆ ಮುಗಿಸಿ ಅಲ್ಲಿಗೆ ತಲುಪುವಷ್ಟರಲ್ಲಿ ಕಾಯುವವನು ಕಾಫಿ ಕುಡಿಯಲು ಹೋಗಿರುತ್ತಿದ್ದ, ಹಕ್ಕಿ ನಾಯಿಯ ಬಾಯಲ್ಲಿರುತ್ತಿತ್ತು. ಅದಕ್ಕೇ ಬುಟ್ಟಿ ಕವುಚಿ ಎಂದರು. ಜನ ಕವುಚಿದರು. ಯಾವ ಬುಟ್ಟಿ? ಮನೆಯಲ್ಲಿ ಕೈಗೆ ಸಿಗುವುದು ಕೋಳಿ ಮುಚ್ಚುವ ಬುಟ್ಟಿ.

“ಡಾಕ್ಟ್ರು ಹಕ್ಕಿ ತಗಂಡು ಹೋದ ಮೇಲೆ ಅದೇ ಬುಟ್ಟೀನ ಒಯ್ದು ಮರಿ ಕೋಳಿ ಮೇಲೆ ಮುಚ್ಚಿದ್ರು ಮಾರಾಯ್ರೆ! ನಾ ತಲೆ ಮೇಲೆ ಕೈ ಹೊತ್ಕಂಡು ಕೂತೆ. ಆಮೇಲಿಂದ ಬಿಡಿಸಿ ಬಿಡಿಸಿ ಹೇಳ್ತೀನಿ. ಗೊಬ್ಬರ ಹೊತ್ತು ಹಳೇದಾದ ಬುಟ್ಟಿ ಆಗ್ಬೇಕು, ಕೆಲ್ಸ ಮುಗಿದ್ಮೇಲೆ ಬುಟ್ಟೀನೂ ಸುಟ್ಟುಬಿಡ್ಬೇಕು.”

ಆಸ್ಪತ್ರೆಯ ಜಗಲಿಯಲ್ಲಿ ಕೂತು ಇದನ್ನು ಹೇಳುತ್ತಿರುವಾಗಲೇ ಅವರ ಫೋನು ರಿಂಗಾಗುತ್ತದೆ. ಕವಲೇದುರ್ಗದ ಬುಡದ ಊರಿನ ಭಾಗೀರಥಮ್ಮ. ಹಿಂದೊಮ್ಮೆ ಜಟ್ಟಿಂಗಪ್ಪ ಡಾಕ್ಟರ ಜೊತೆ ಅಲ್ಲಿನ ಶಾಲೆಗೆ ಹೋಗಿ ಹಕ್ಕಿಜ್ವರದ ಬಗ್ಗೆ ಮಾತಾಡಿ ಬಂದಿದ್ದರಂತೆ. ಆಗ ನಂಬರು ಕೊಟ್ಟದ್ದು. ಕಿವಿ ಸ್ವಲ್ಪ ಮಂದವಿರುವವರು ಮಾತಾಡುವ ಜೋರಿನಲ್ಲಿ ಆ ತಾಯಿ ತಮ್ಮ ಹವ್ಯಕ ಕನ್ನಡ ಮಾತಾಡುವುದರಿಂದ ನನಗೂ ಕೇಳುತ್ತದೆ.

“ಜಟ್ಟಿಂಗಪ್ಪ ಅಲ್ದ? ಎಂಗಳ ಮನೆ ಕಿಟಕಿ ಗಾಜಿಗೆ ಒಂದು ಹಕ್ಕಿ ಬಂದು ಹೊಡ್ಕಂಡು ಸತ್ತು ಬಿದ್ದಿದ್ದು. ಹಸ್ರು ರೆಕ್ಕೆ, ಪಾರಿವಾಳದ ಹಾಂಗೆ ಇದ್ದು. ಎಂತ ಮಾಡವು ಈಗ? ಬುಟ್ಟಿ ಕವುಚವ?”

“ಒಂದೇ ಅಲ್ವಾ ಅಮ್ಮ? ಗಾಜಿಗೆ ಹೊಡ್ದಿದ್ದು ನೀವೇ ನೋಡಿದ್ರಾ?”

“ಆನೇ ನೋಡಿದ್ದಿ. ದಡ್ ಅಂತು.”

“ಹಂಗಾದ್ರೆ ಎಂತದೂ ಹೆದ್ರಿಕೆ ಇಲ್ಲ. ಮೊದ್ಲು ಮುಟ್ಟದೆ ಸ್ವಲ್ಪ ಹೊತ್ತು ನೋಡಿ. ಎದೆ ಆಡ್ತಾ ಇದ್ರೆ ಅದು ಸತ್ತಿಲ್ಲ, ತಲೆ ತಿರುಗಿ ಬಿದ್ದಿರತ್ತೆ. ಬೆಕ್ಕು ಬರ್ದಿದ್ದಂಗೆ ನೋಡ್ಕಳಿ. ಸತ್ತೇ ಹೋಗಿದ್ರೆ ಕೈಗೆ ಪ್ಲಾಸ್ಟಿಕ್ ಕವರ್ ಹಾಕ್ಕಂಡು ಎತ್ತಿ, ಆಳವಾಗಿ ಗುಂಡಿ ತೆಗೆಸಿ ಹೂತು, ಮೇಲೊಂದು ಕಲ್ಲಿಡಿ. ಬಾವಿ ಹತ್ರ ಬ್ಯಾಡ. ಕೈ ಸೋಪು ಹಾಕಿ ತೊಳ್ಕಳಿ.”

ಒಂದು ಹಕ್ಕಿ ಗಾಜಿಗೋ ಕರೆಂಟ್ ತಂತಿಗೋ ಬಡಿದು ಸತ್ತರೆ ಊರು ಎಬ್ಬಿಸಬೇಕಾಗಿಲ್ಲ ಎಂದು ನನಗೆ ಬಿಡಿಸಿ ಹೇಳುತ್ತಾರೆ. ಒಂದೇ ಜಾಗದಲ್ಲಿ ಎರಡು ಮೂರು ಬಿದ್ದಿದ್ದರೆ, ಅದರಲ್ಲೂ ನೀರಿನ ಹಕ್ಕಿ, ಕಾಗೆ ಆಗಿದ್ದರೆ, ಕಾರಣ ಕಾಣದೆ ಸತ್ತಿದ್ದರೆ, ಕತ್ತು ಸೊಟ್ಟ ಮಾಡಿಕೊಂಡು ತೂರಾಡುತ್ತಿದ್ದರೆ ಆಗ ತಡ ಮಾಡಬಾರದು. ಇವತ್ತಿನ ನೀರುಕಾಗೆ ಒಂದೇ ಆಗಿದ್ದರೂ ಕಾರಣ ಕಾಣದ್ದರಿಂದ ಡಾಕ್ಟರಿಗೆ ಹೇಳಿದ್ದು. ಹಕ್ಕಿ ಅಧ್ಯಯನದವರು ಕಾಲಿಗೆ ತೊಡಿಸಿದ ಬಳೆಯಂಥ ಉಂಗುರ ಇದ್ದರೆ ಅದನ್ನು ಕಿತ್ತುಕೊಳ್ಳಬಾರದು, ಫೋಟೊ ತೆಗೆದರೆ ಸಾಕು. ಎಲ್ಲಿಯೋ ಯಾರೋ ಆ ಹಕ್ಕಿಯ ದಾರಿ ಕಾಯುತ್ತಿರುತ್ತಾರೆ. ಇಷ್ಟು ಹೇಳುವುದರೊಳಗೆ ಭಾಗೀರಥಮ್ಮನ ಫೋನು ಮತ್ತೆ.

“ಅದು ಎದ್ದು ಹಾರಿ ಹೋತು! ಗುಂಡಿ ತೆಗೆಸಿದ್ದು ದಂಡ ಆತು.”

“ಒಂದು ದಾಸವಾಳ ನೆಡಿ ಅಮ್ಮ ಅದ್ರಲ್ಲಿ,” ಎಂದು ಜಟ್ಟಿಂಗಪ್ಪ ಬಾಯ್ತುಂಬ ನಗುತ್ತಾರೆ. ಬೆಳಗಿನಿಂದ ಅವರು ನಕ್ಕದ್ದು ಇದೇ ಮೊದಲು.

ನಗದಿರುವುದಕ್ಕೆ ಕಾರಣ ಇದೆ. ಅದು ಅವರ ಮನೆಯಿಂದಲೇ ಶುರುವಾಗುತ್ತದೆ.

ಕೆಲವು ವರ್ಷದ ಹಿಂದೆ ಬೇಸಿಗೆಯಲ್ಲಿ ಅವರ ಮಗಳು ಸ್ವಪ್ನಾ ಕೊಟ್ಟಿಗೆಗೆ ಒಣ ಎಲೆ ತರಲು ಕಾಡಿನಂಚಿಗೆ ಹೋಗಿದ್ದಳು. ವಾರದ ಮೇಲೆ ಜ್ವರ ಹಿಡಿಯಿತು. ಮಂಗನ ಕಾಯಿಲೆ; ಸತ್ತ ಮಂಗನ ಮೈಯಿಂದ ಉದುರಿದ ಉಣ್ಣೆಹುಳ ಕಚ್ಚಿದರೆ ಬರುವುದು. ಬದುಕುತ್ತಾಳೋ ಇಲ್ಲವೋ ಎನ್ನುವ ಹಾಗಾಗಿ, ಆಸ್ಪತ್ರೆಯಲ್ಲಿ ಮಲಗಿದ್ದು, ಉಳಿದಳು. ಈಗ ಸಾಗರದಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಅವಳು ಎಲೆ ಗುಡಿಸಿದ ಜಾಗದ ಹತ್ತಿರವೇ ಒಂದು ಮಂಗ ಸತ್ತು ಬಿದ್ದಿತ್ತು, ಅದನ್ನು ಊರಿನವನೇ ಒಬ್ಬ ನೋಡಿದ್ದ ಎಂಬುದು ಆಮೇಲೆ ಗೊತ್ತಾಯಿತು.

“ಹೇಳಿದ್ರೆ ಆಫೀಸಿನವ್ರು ಬರ್ತಾರೆ, ಅದು ಇದು ಕೇಳ್ತಾರೆ ಅಂತ ಅವ ಸುಮ್ನಾದ. ಕೆಟ್ಟೋನೇನಲ್ಲ. ಮಗಳನ್ನ ನೋಡಕ್ಕೆ ಆಸ್ಪತ್ರೆಗೆ ಎಳನೀರು ತಗಂಡು ಬಂದು ಅತ್ತುಬಿಟ್ಟ. ಆ ಒಂದು ಫೋನು ಮಾಡಿದ್ರೆ ಆಗ್ತಿತ್ತು ಅಲ್ವಾ ಅಂತ ನಂಗೆ ಈಗ್ಲೂ ಅನ್ಸತ್ತೆ. ಮಂಗನೇ ಆಗ್ಲಿ, ಹಕ್ಕಿಯೇ ಆಗ್ಲಿ, ಸತ್ತಿದ್ದನ್ನ ನೋಡ್ದೋನು ಬಾಯಿ ಬಿಡ್ಬೇಕು.”

ಮಗಳು ಆಸ್ಪತ್ರೆಯಲ್ಲಿದ್ದಾಗ ತಾಯಿ ಶೇಷಮ್ಮ ಊರಂಚಿನ ಬನದ ಚೌಡಮ್ಮನಿಗೆ ಹರಕೆ ಹೊತ್ತರು. ಮಗಳು ಎದ್ದು ಮನೆಗೆ ಬಂದರೆ ವರ್ಷಕ್ಕೊಂದು ಹುಂಜ, ಶಿವರಾತ್ರಿ ಕಳೆದ ಮೇಲಿನ ಮಂಗಳವಾರ. ಪೇಟೆಯಿಂದ ಕೊಂಡು ತಂದದ್ದು ಆಗುವುದಿಲ್ಲ. ಮನೆಯ ಕೋಳಿಯ ಕಾವಿನಲ್ಲೇ ಒಡೆದು ಬಂದ ಮರಿ ಆಗಬೇಕು, ಹರಕೆಗೆ ಬಿಟ್ಟ ದಿನದಿಂದ ಅದನ್ನು ಮಾರುವ ಹಾಗಿಲ್ಲ, ಸಾರು ಮಾಡುವ ಹಾಗಿಲ್ಲ, ಬೇರೆಯವರ ಕೈಯಲ್ಲಿ ಸಾಯಲು ಬಿಡುವ ಹಾಗೂ ಇಲ್ಲ. ಈ ಊರಿನಲ್ಲಿ ಬಹುಪಾಲು ಮನೆಗಳಲ್ಲಿ ಹೀಗೊಂದು ಹರಕೆಯ ಹುಂಜ ಇರುತ್ತದೆ. ಉಳಿದ ಕೋಳಿಗಳ ನಡುವೆ ಅದರ ಗತ್ತೇ ಬೇರೆ. ಅಡುಗೆಮನೆಯೊಳಗೆ ಬಂದು ಅಕ್ಕಿ ಕುಕ್ಕಿದರೂ ಯಾರೂ ಹುಶ್ ಎನ್ನುವುದಿಲ್ಲ.

ಈ ಸಂಕ್ರಾಂತಿ ಮುಗಿದ ವಾರದಲ್ಲಿ ಇದೇ ಊರಿನ ಕೆಳಗಿನ ದಂಡೆಯಲ್ಲಿ ಹಕ್ಕಿಗಳು ಸತ್ತು ಬಿದ್ದಿದ್ದವು. ಒಂದೆರಡಲ್ಲ, ನೀರುಕಾಗೆಗಳು, ಬಾತುಗಳು, ಅಲ್ಲೊಂದು ಇಲ್ಲೊಂದು, ಒಟ್ಟು ಒಂದು ಡಜನ್ನಿನಷ್ಟು. ಅಷ್ಟು ಬುಟ್ಟಿ ಎಲ್ಲಿಂದ ತರುವುದು? ಜಟ್ಟಿಂಗಪ್ಪ ಹಳೆಯ ಮೀನಿನ ಬಲೆಯನ್ನು ಸುತ್ತ ಕಟ್ಟಿ, ಕೋಲು ಹಿಡಿದು ತಾವೇ ಕಾವಲು ಕೂತರು. ಡಾಕ್ಟರ್ ಸುಮನಾ ಮೈತುಂಬ ಬಿಳಿ ಉಡುಪು, ಮಾಸ್ಕು ತೊಟ್ಟು ಬಂದು ಮಾದರಿ ತೆಗೆದು, ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದರು. ಉಳಿದ ಹಕ್ಕಿಗಳನ್ನು ಸುಣ್ಣ ಹಾಕಿ ಆಳವಾಗಿ ಹೂತದ್ದಾಯಿತು. ಪರೀಕ್ಷೆಯ ಫಲಿತಾಂಶ ಬರುವ ತನಕ ಊರಿನಿಂದ ಒಂದು ಕೋಳಿಯೂ ಹೊರಗೆ ಹೋಗಬಾರದು, ಒಳಗೆ ಬರಬಾರದು. ಇದನ್ನು ಮನೆಮನೆಗೆ ಹೇಳಿ ಬಂದವರು ಜಟ್ಟಿಂಗಪ್ಪ.

ಸುಮನಾ ಮೇಡಂ ಈ ಆಸ್ಪತ್ರೆಯ ಪಶುವೈದ್ಯೆ, ಇಲ್ಲಿಗೆ ಬಂದು ಮೂರು ವರ್ಷವಾಗಿದೆ. “ಕಾಡುಹಕ್ಕಿಯಲ್ಲಿ ರೋಗ ಸಿಕ್ಕಿದ ಮಾತ್ರಕ್ಕೆ ಕೋಳಿಗಳನ್ನು ಕೊಲ್ಲುವುದಿಲ್ಲ, ಮೊದಲು ಕೋಳಿಗಳನ್ನು ಪರೀಕ್ಷೆ ಮಾಡುತ್ತೇವೆ ಎಂದು ಹೇಳಿದೆವು. ಯಾರೂ ನಂಬಲಿಲ್ಲ. ಟಿ.ವಿ.ಯಲ್ಲಿ ಗುಂಡಿಗೆ ಕೋಳಿ ಸುರಿಯುವುದನ್ನು ನೋಡಿದ್ದರಲ್ಲ,” ಎನ್ನುತ್ತಾರೆ.

ಜನ ತಮಗೆ ತೋಚಿದ್ದು ಮಾಡಿದರು. ಕೆಲವರು ಅಂದೇ ಕೋಳಿ ಸಾರು ಮಾಡಿ ಉಂಡರು. ಹರಕೆಯ ಹುಂಜವನ್ನು ಉಣ್ಣುವಂತಿಲ್ಲ, ಮಾರುವಂತಿಲ್ಲ, ಸರ್ಕಾರದವರ ಕೈಯಲ್ಲಿ ಸಾಯಲು ಬಿಡುವಂತೆಯೂ ಇಲ್ಲ. ಹಾಗಾಗಿ ಮರುದಿನ ಬೆಳಗಿನ ಬಸ್ಸಿನಲ್ಲಿ ಊರಿನ ಹುಂಜಗಳೆಲ್ಲ ಚೀಲದೊಳಗೆ ಕೂತು ನೆಂಟರ ಮನೆಗೆ ಹೊರಟವು. ಕಂಡಕ್ಟರಿಗೆ ಕೇಳದಿರಲಿ ಎಂದು ಒಬ್ಬರು ಕೂಗುವ ಹುಂಜಕ್ಕೆ ಕಂಬಳಿ ಹೊದಿಸಿದ್ದರಂತೆ. ರೋಗ ಇದ್ದದ್ದೇ ನಿಜವಾಗಿದ್ದರೆ ಅದನ್ನು ಮೂರು ತಾಲ್ಲೂಕಿಗೂ ಕೈಯಾರೆ ಹಂಚಿದ ಹಾಗಾಗುತ್ತಿತ್ತು. ಹೆದರಿದವರಿಗೆ ಅಷ್ಟು ದೂರ ಕಾಣುವುದಿಲ್ಲ. ಅವರಿಗೆ ಕಂಡದ್ದು ಚೌಡಮ್ಮನ ಮುಂದೆ ಆಡಿದ ಮಾತು ಮಾತ್ರ.

ಅಂದು ಸಂಜೆ ಜಟ್ಟಿಂಗಪ್ಪ ಮನೆಗೆ ಬಂದಾಗ ಒಡ್ಡಿಯಲ್ಲಿ, ಅಂದರೆ ಕೋಳಿಗೂಡಿನಲ್ಲಿ, ಹೇಂಟೆಗಳು ಮಾತ್ರ ಇದ್ದವು. ಶೇಷಮ್ಮನ ತಮ್ಮ ಕಾಂತರಾಜ್ ಬೈಕಿನಲ್ಲಿ ಬಂದು ಹುಂಜವನ್ನು ಹೊಸನಗರದ ಕಡೆಯ ತಮ್ಮ ಊರಿಗೆ ಒಯ್ದಿದ್ದ.

ಶೇಷಮ್ಮ ಈಗ ಹಿತ್ತಲಿನಲ್ಲಿ ಹೇಂಟೆಗಳಿಗೆ ನುಚ್ಚು ಹಾಕುತ್ತ ನನ್ನ ಮುಖ ನೋಡದೆ ಮಾತಾಡುತ್ತಾರೆ. “ನಾನೇ ಕಳ್ಸಿದ್ದು. ಸುಳ್ಯಾಕೆ? ಮಗಳ ಜೀವಕ್ಕೆ ಹೊತ್ತ ಹರಕೆ. ಅದನ್ನ ತಗಂಡೋಗಿ ಗುಂಡಿಗೆ ಹಾಕಿದ್ರೆ ನಾ ಯಾವ ಮುಖ ಇಟ್ಕಂಡು ಬನಕ್ಕೆ ಹೋಗ್ಲಿ? ಇವ್ರಿಗೆ ಹೇಳಿದ್ರೆ ಬಿಡಲ್ಲ ಅಂತ ಗೊತ್ತಿತ್ತು. ಹೇಳ್ಲಿಲ್ಲ.”

ಜಟ್ಟಿಂಗಪ್ಪ ಜಗಲಿಯಲ್ಲಿ ಬಹಳ ಹೊತ್ತು ಕೂತಿದ್ದರಂತೆ. ಊಟಕ್ಕೆ ಕರೆದರೆ ಏಳಲಿಲ್ಲ. ಕೊನೆಗೆ ಫೋನ್ ತೆಗೆದು ಡಾಕ್ಟರಿಗೆ ಹೇಳಿದರು. ನಮ್ಮ ಮನೆಯ ಹುಂಜ ಹೊಸನಗರಕ್ಕೆ ಹೋಗಿದೆ, ಇಂಥ ಊರು, ನನ್ನ ಭಾವಮೈದುನನ ಮನೆ.

“ಎಷ್ಟು ಕಷ್ಟ ಆಯ್ತು ಅಂತ ಹೇಳಕ್ಕೆ ಬರಲ್ಲ. ಬೇರೆಯವ್ರ ಮನೆ ಬಾಗ್ಲಲ್ಲಿ ನಿಂತು ಕೋಳಿ ಕಳಿಸ್ಬ್ಯಾಡಿ ಅಂತ ಹೇಳಿ ಬಂದೋನು ನಾನು. ನನ್ ಮನೇದನ್ನ ಮುಚ್ಚಿಟ್ರೆ ಆವತ್ತು ಮಂಗ ನೋಡಿ ಸುಮ್ನಿದ್ದೋನಿಗೂ ನಂಗೂ ಎಂತ ವ್ಯತ್ಯಾಸ?”

ಮರುದಿನ ಹೊಸನಗರದ ಪಶು ಇಲಾಖೆಯವರು ಕಾಂತರಾಜನ ಮನೆಗೆ ಹೋದರು. ಅವನದ್ದು ನಾಟಿ ಕೋಳಿ, ಮೊಟ್ಟೆಯ ಸಣ್ಣ ವ್ಯಾಪಾರ. ಎಲ್ಲ ನಿಲ್ಲಿಸಿ, ಹುಂಜವನ್ನು ಬೇರೆ ಕೂಡಿಹಾಕಿ, ಕೋಳಿಗಳ ಮೇಲೆ ನಿಗಾ ಇಡಿ ಎಂದರು. ಊರವರೆಲ್ಲ ಬೇಲಿಯಾಚೆ ನಿಂತು ನೋಡಿದರು. ಅವನ ಕೋಪ ನೆತ್ತಿಗೇರಿತು. ಜಟ್ಟಿಂಗಪ್ಪ ಅವನ ಮಾತನ್ನು ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದಾರೆ. “‘ಅಕ್ಕನ ಹರಕೆ ಕಾಯಕ್ಕೆ ಬಂದಿದ್ದಕ್ಕೆ ನನ್ ಮನೆ ಮುಂದೆ ಬಿಳಿ ಬಟ್ಟೆಯವ್ರನ್ನ ನಿಲ್ಸಿದ್ಯಲ್ಲ ಭಾವ. ಇನ್ಮೇಲೆ ನಿಂಗೂ ನಂಗೂ ಮಾತಿಲ್ಲ’ ಅಂದ. ಫೋನ್ ಇಟ್ಟ. ಅವನಿಗೆ ಮೀಸೆ ಬರಕ್ಕಿಂತ ಮುಂಚಿಂದ ಎತ್ತಿ ಆಡ್ಸಿದೋನು ನಾನು.”

ಇಂಥ ಕೆಲಸಕ್ಕೆ ಸನ್ಮಾನ, ಶಾಲು ಯಾವುದೂ ಇಲ್ಲ, ಇರುವುದು ಇಷ್ಟೇ.

ಒಂದು ಮಾತ್ರ ಆಯಿತು. ಜಟ್ಟಿಂಗಪ್ಪ ತಮ್ಮ ಮನೆಯ ವಿಷಯ ಹೇಳಿಕೊಂಡರಂತೆ ಎಂಬ ಸುದ್ದಿ ಹಬ್ಬಿದ ಮೇಲೆ, ಬೆಳಗಿನ ಬಸ್ಸಿಗೆ ಹುಂಜ ಹತ್ತಿಸಿದವರು ಒಬ್ಬೊಬ್ಬರಾಗಿ ಆಸ್ಪತ್ರೆಯ ಹಿಂಬಾಗಿಲಿಗೆ ಬಂದು, ತಮ್ಮದು ಎಲ್ಲಿಗೆ ಹೋಗಿದೆ ಎಂದು ಪಿಸುಗುಟ್ಟಿ ಹೋದರು. “ನಾವು ಜೀಪಿನಲ್ಲಿ ಮೈಕು ಕಟ್ಟಿಕೊಂಡು ಸುತ್ತಿದ್ದರೂ ಇದು ಆಗುತ್ತಿರಲಿಲ್ಲ. ಅವರು ತಮ್ಮ ಮನೆಯದ್ದನ್ನೇ ಮೊದಲು ಒಪ್ಪಿಕೊಂಡರು,” ಎನ್ನುತ್ತಾರೆ ಸುಮನಾ.

ಫಲಿತಾಂಶ ಬಂತು. ಹಕ್ಕಿಜ್ವರ ಇಲ್ಲ.

ಊರು ನಿಟ್ಟುಸಿರು ಬಿಟ್ಟಿತು, ಆಮೇಲೆ ಜಟ್ಟಿಂಗಪ್ಪನವರನ್ನು ಹಿಡಿದು ಛೇಡಿಸಿತು. ಹೋಟೆಲಿನಲ್ಲಿ ಕೂತರೆ, ‘ನಿನ್ನ ಜ್ವರ ಬಿಡ್ತನಾ?’ ಎಂದು ಕೇಳುತ್ತಿದ್ದರಂತೆ. ಹಕ್ಕಿಗಳು ಯಾಕೆ ಸತ್ತವೆಂಬುದೂ ಕೆಲವೇ ದಿನಗಳಲ್ಲಿ ಬಯಲಾಯಿತು. ಲಿಂಗನಮಕ್ಕಿಯ ನೀರು ಇಳಿದಂತೆ, ಹಿಂದೆ ಮುಳುಗಿದ ಕಾಡಿನ ಬೊಡ್ಡೆಗಳು ಮೇಲೇಳುತ್ತವೆ. ಅಂಥ ಒಂದು ಬೊಡ್ಡೆಗೆ ಯಾರೋ ಬಿಟ್ಟುಹೋದ ಹರಕು ಬಲೆ ಸುತ್ತಿಕೊಂಡಿತ್ತು. ಮೀನಿಗೆ ಮುಳುಗಿದ ಹಕ್ಕಿಗಳು ನೀರೊಳಗೇ ಅದಕ್ಕೆ ಸಿಕ್ಕಿ ಸತ್ತು, ಅಲೆಗೆ ಕಳಚಿ ದಂಡೆಗೆ ಬಂದಿದ್ದವು. ಮೀನಿನವರು ಮತ್ತು ಜಟ್ಟಿಂಗಪ್ಪ ತೆಪ್ಪದಲ್ಲಿ ಹೋಗಿ ಬಲೆ ಕೊಯ್ದು ತಂದು ಸುಟ್ಟರು. ಇವತ್ತು ಬೆಳಿಗ್ಗೆ ಸಿಕ್ಕ ನೀರುಕಾಗೆಯೂ ಅಂಥದ್ದೇ ಇನ್ನೊಂದು ಬಲೆಯದ್ದಿರಬಹುದು ಎಂದು ಅವರ ಅನುಮಾನ. ಇರಬಹುದು ಎನ್ನುತ್ತಾರೆ, ಹೌದು ಎನ್ನುವುದಿಲ್ಲ. ಹೌದೋ ಅಲ್ಲವೋ ಎನ್ನಬೇಕಾದವರು ಡಾಕ್ಟರು.

“ರೋಗ ಇಲ್ಲ ಅಂತ ಬಂದಿದ್ದಕ್ಕೆ ನಗಾಡ್ತಾರೆ. ನಗಾಡ್ಲಿ. ಇದೆ ಅಂತ ಬಂದು ಅಳದಕ್ಕಿಂತ ಇದು ಒಳ್ಳೇದಲ್ವಾ?”

ರೋಗ ಇಲ್ಲವೆಂದಾದ ಮೇಲೆ ನೆಂಟರ ಮನೆಗೆ ಹೋದ ಹುಂಜಗಳೆಲ್ಲ ವಾಪಸು ಬಂದವು. ಜಟ್ಟಿಂಗಪ್ಪನವರ ಮನೆಯದ್ದು ಬಂದಿಲ್ಲ. ಕಾಂತರಾಜ್ ಕಳಿಸಿಲ್ಲ, ತಾನೂ ತಂದುಕೊಟ್ಟಿಲ್ಲ. ಶೇಷಮ್ಮ ಎರಡು ಸಲ ಫೋನ್ ಮಾಡಿದರೂ ಎತ್ತಿಲ್ಲ. ಜಟ್ಟಿಂಗಪ್ಪ ಒಮ್ಮೆ ಬಸ್ಸು ಹತ್ತಿ ಹೋಗಿದ್ದರಂತೆ. ಅವನ ಮನೆಯ ಬೇಲಿಯ ತನಕ ಹೋಗಿ, ಒಳಗಿಂದ ಬಾಗಿಲು ಹಾಕಿಕೊಂಡ ಶಬ್ದ ಕೇಳಿ ತಿರುಗಿ ಬಂದರು.

ಶಿವರಾತ್ರಿ ಕಳೆದಿದೆ. ಹರಕೆಯ ಮಂಗಳವಾರ ನಾಡಿದ್ದು. ಅಂಗಳದ ಮೂಲೆಯಲ್ಲಿ ಬನಕ್ಕೆ ಒಯ್ಯುವ ಹೊಸ ಮಡಕೆ, ಬಾಳೆಲೆ ಕಟ್ಟು ಬಂದು ಕೂತಿವೆ. ಸ್ವಪ್ನಾ ಸಾಗರದಿಂದ ರಜೆ ಹಾಕಿ ಬರುತ್ತಾಳೆ. ಹುಂಜ ಮಾತ್ರ ಇಲ್ಲ. ಗಂಡ-ಹೆಂಡತಿ ಒಬ್ಬರನ್ನೊಬ್ಬರು ಬಯ್ಯುತ್ತಿಲ್ಲ. ಅವರ ಮನೆಯಲ್ಲಿ ಮಾತು ಅಗತ್ಯಕ್ಕೆ ಎಷ್ಟು ಬೇಕೋ ಅಷ್ಟೇ ನಡೆಯುತ್ತಿದೆ. ಅದನ್ನು ನೋಡುವುದು ಜಗಳ ನೋಡುವುದಕ್ಕಿಂತ ಕಷ್ಟ.

ಊಟ ಮುಗಿಸಿ ನಾನು ಹೊರಡಬೇಕೆನ್ನುವಷ್ಟರಲ್ಲಿ ಜಟ್ಟಿಂಗಪ್ಪನವರ ಫೋನು ರಿಂಗಾಗುತ್ತದೆ. ಹೆಸರು ನೋಡಿದವರು ಎರಡು ಕೈಯಲ್ಲೂ ಫೋನ್ ಹಿಡಿದು, ಶೇಷಮ್ಮನ ಕಡೆ ತಿರುಗುತ್ತಾರೆ. “ನಿನ್ ತಮ್ಮ.” ಶೇಷಮ್ಮ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಹತ್ತಿರ ಬರುತ್ತಾರೆ. ಕೇಳಲಿ ಎಂದು ಜಟ್ಟಿಂಗಪ್ಪ ಸ್ಪೀಕರ್ ಒತ್ತುತ್ತಾರೆ.

ಆ ಕಡೆಯಿಂದ ಕಾಂತರಾಜನ ದನಿ.

“ಭಾವ.”

“ಹೇಳೋ.”

“ಕೆರೆ ಏರಿ ಕೆಳಗೆ ಎರಡು ಕೊಕ್ಕರೆ ಸತ್ತು ಬಿದ್ದಾವೆ. ಪಕ್ಕದಲ್ಲೇ ಒಂದು ಕಾಗೆ. ನಾಯಿ ಎಳೀತಾ ಇತ್ತು, ಓಡಿಸ್ದೆ. ಮುಟ್ಟಿಲ್ಲ. ಗೊಬ್ಬರದ ಬುಟ್ಟೀನೇ ಕವುಚೀನಿ, ಕೋಳೀದಲ್ಲ. ಕಲ್ಲೂ ಇಟ್ಟೀನಿ.”

ಜಟ್ಟಿಂಗಪ್ಪ ತುಟಿ ಕಚ್ಚಿ ಹಿಡಿದಿದ್ದಾರೆ. “ಹೊಸನಗರದ ಡಾಕ್ಟ್ರಿಗೆ ಹೇಳಿದ್ಯಾ?”

“ಹೇಳ್ದೆ. ಬರ್ತೀವಿ ಅಂದ್ರು. ನೀನೂ ಬಾ.” ಆಮೇಲೆ ದನಿ ತಗ್ಗಿಸಿ, “ಅಕ್ಕನ ಹುಂಜ ನಾಳೆ ತಂದು ಕೊಡ್ಬೇಕು ಅಂತಿದ್ದೆ ಭಾವ. ದೇವ್ರಾಣೆ. ಚೀಲ ಸಮೇತ ತೆಗ್ದಿಟ್ಟಿದ್ದೆ. ಈಗ ಹೆಂಗ್ ತರ್ಲಿ? ಫಲಿತಾಂಶ ಬರೋ ತನಕ ಅದು ಇಲ್ಲಿಂದ ಅಲ್ಲಾಡಬಾರ್ದಲ್ವಾ? ಬೇರೆ ಕೂಡಿದೀನಿ. ಅಕ್ಕಂಗೆ ನೀನೇ ಹೇಳು. ನಂಗೆ ಧೈರ್ಯ ಇಲ್ಲ.”

ಜಟ್ಟಿಂಗಪ್ಪ ಹೆಂಡತಿಯ ಮುಖ ನೋಡುತ್ತಾರೆ. ನಾನೂ ನೋಡುತ್ತೇನೆ. ಮೂಲೆಯಲ್ಲಿ ಮಡಕೆ, ಬಾಳೆಲೆ. ಶೇಷಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಫೋನಿಗೆ ಬಾಗಿ ಗದರುವ ದನಿಯಲ್ಲಿ ಹೇಳುತ್ತಾರೆ.

“ಅಲ್ಲೇ ಇರ್ಲಿ ಬಿಡೋ. ಮಂಗಳವಾರ ಎಂತ ಇದೊಂದೇ ಐತಾ? ನಾ ಬನಕ್ಕೆ ಹೋಗಿ ಚೌಡಮ್ಮಂಗೆ ಹೇಳ್ಕಂಡು ಬರ್ತೀನಿ. ನೀ ಕೈ ತೊಳ್ದ್ಯಾ? ಸೋಪು ಹಾಕಿ ತೊಳ್ಕ ಮೊದ್ಲು.”

ಜಟ್ಟಿಂಗಪ್ಪ ಆಗಲೇ ಎದ್ದು ಕೊಟ್ಟಿಗೆಯ ಮಾಡಿನಿಂದ ಒಂದು ಹಳೆಯ ಬುಟ್ಟಿ ಇಳಿಸಿದ್ದಾರೆ. ಅಲ್ಲಿ ಈಗಾಗಲೇ ಕವುಚಿದ್ದಾನಲ್ಲ, ಇನ್ನೊಂದು ಬುಟ್ಟಿ ಯಾಕೆ ಎಂದು ಕೇಳಿದೆ.

“ಮೂರು ಹಕ್ಕಿ ಅಂದ. ಒಂದು ಬುಟ್ಟಿ ಸಾಲದೆ ಹೋದ್ರೆ?” ಎಂದವರು ಬೈಕಿಗೆ ಬುಟ್ಟಿ ಕಟ್ಟುತ್ತ, ತಲೆ ಎತ್ತದೆ ಸೇರಿಸುತ್ತಾರೆ. “ಅವನೇ ಫೋನ್ ಮಾಡ್ದ ನೋಡಿ. ನಾ ಕೇಳ್ಲಿಲ್ಲ, ಅವನೇ ಮಾಡ್ದ.”